ಅಪ್ಪನ ಸನ್ಮಾನಕ್ಕೆ ಅನುಮೋದನೆ

ಪಂಚಾಯಿತಿ ಸಭೆಯಲ್ಲಿ ಯಾವ ತೀರ್ಮಾನ ಆಗಬೇಕಾದರೂ ಒಬ್ಬರು ಸೂಚಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು. ನಾನು ಸದಸ್ಯೆಯಾಗಿ ಎರಡು ವರ್ಷ ತುಂಬುವಷ್ಟರಲ್ಲಿ ಚರಂಡಿಗೆ, ಬೀದಿದೀಪಕ್ಕೆ, ಕುಡಿಯುವ ನೀರಿನ ಪೈಪಿಗೆ ಹೀಗೆ ಎಷ್ಟೋ ಸಲ ಅನುಮೋದಕಳಾಗಿ ಸಹಿ ಹಾಕಿದ್ದೆ. ನಮ್ಮದು ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದ ಕಡೆಯ ಪಂಚಾಯಿತಿ. ಸಭೆಗೆ ಹತ್ತು ಹನ್ನೆರಡು ಜನ ಬರುತ್ತಿದ್ದೆವು. ಟೀ ಬರುವ ಹೊತ್ತಿಗೆ ಅರ್ಧ ವಿಷಯ ಮುಗಿದಿರುತ್ತಿತ್ತು.

ಆ ಸಲ ಸ್ವಾತಂತ್ರ್ಯ ದಿನಾಚರಣೆಗೆ ಇನ್ನೊಂದು ತಿಂಗಳಿತ್ತು. ನಮ್ಮ ಹಳ್ಳಿಗಳಿಂದ ಸೈನ್ಯಕ್ಕೆ ಹೋಗಿ ಯುದ್ಧ ಕಂಡು ಬಂದವರನ್ನು ಧ್ವಜಾರೋಹಣದ ದಿನ ಸನ್ಮಾನಿಸಬೇಕು ಎಂಬ ವಿಷಯ ಬಂತು. ತಂದವನು ಬೋರ್‌ವೆಲ್ ಲಾರಿ ಇಟ್ಟಿದ್ದ ಒಬ್ಬ ಸದಸ್ಯ. ಮೊದಲ ಸಲ ಗೆದ್ದು ಬಂದಿದ್ದ, ಏನಾದರೂ ಮಾಡಿ ತೋರಿಸಬೇಕೆಂಬ ಉತ್ಸಾಹದವನು. ಪಟ್ಟಿಯಲ್ಲಿ ಐದು ಹೆಸರಿದ್ದವು. ಮೊದಲನೆಯದು ನನ್ನ ಅಪ್ಪನದು.

"ಅಕ್ಕಾ, ಸೂಚನೆ ನಂದು. ಅನುಮೋದನೆ ನೀವೇ ಮಾಡ್ಬೇಕು. ಮಗಳು ಅನುಮೋದನೆ ಮಾಡುದ್ರೆ ಅದರ ಕಳೆನೇ ಬ್ಯಾರೆ," ಎಂದ.

ಎಲ್ಲರೂ ಮೇಜು ಕುಟ್ಟಿದರು. ನಾನೂ ನಕ್ಕೆ. ಆಮೇಲೆ ಪಂಚಾಯಿತಿಯ ಅಧಿಕಾರಿ ಪಿಡಿಒ ಅವರು ಸನ್ಮಾನ ಪತ್ರದಲ್ಲಿ ಹಾಕಬೇಕಾದ ಮಾತುಗಳನ್ನು ಓದಿದರು. ಅಪ್ಪನ ಹೆಸರಿನ ಮುಂದೆ ಹೀಗಿತ್ತು: ಕಾರ್ಗಿಲ್ ಯುದ್ಧದಲ್ಲಿ ಶತ್ರುಗಳೊಡನೆ ಹೋರಾಡುವಾಗ ಬಲಗೈಯ ಎರಡು ಬೆರಳುಗಳನ್ನು ದೇಶಕ್ಕೆ ಅರ್ಪಿಸಿದ ವೀರಯೋಧ.

ಸಹಿ ಪುಸ್ತಕ ನನ್ನ ಮುಂದೆ ಬಂದಿತ್ತು, ಪೆನ್ನು ಕೈಯಲ್ಲಿತ್ತು.

"ಸಾರ್, ಆ ಬೆರಳಿನ ಮಾತು ತೆಗೀರಿ. ಮಿಕ್ಕಿದ್ದಕ್ಕೆಲ್ಲ ನನ್ನ ಅನುಮೋದನೆ ಇದೆ," ಎಂದೆ.

"ಯಾಕಮ್ಮ?" ಎಂದರು ಅಧ್ಯಕ್ಷರು.

"ಅದು ಯುದ್ಧದಲ್ಲಿ ಹೋಗಿದ್ದಲ್ಲ."

ಆ ಬೆರಳುಗಳನ್ನು ಕಡಿದವಳು ನಾನು. ಆಗ ನನಗೆ ಹನ್ನೆರಡು ವರ್ಷ.

ಯುದ್ಧ ಮುಗಿದ ಮರುವರ್ಷ ಅಪ್ಪ ಸೇವೆ ಮುಗಿಸಿ ಪಿಂಚಣಿ ಮೇಲೆ ಊರಿಗೆ ಬಂದ. ನಾವು ಊರಿಂದ ಆಚೆ ತೋಟದ ಮನೆಯಲ್ಲಿದ್ದೆವು. ಅವ್ವ ಹಿಪ್ಪುನೇರಳೆ ಸೊಪ್ಪು ಬೆಳೆದು ರೇಷ್ಮೆ ಹುಳು ಸಾಕುತ್ತಿದ್ದಳು. ಅಪ್ಪ ಬಂದರೆ ಕೈಗೆ ಇನ್ನೊಂದು ಕೈ ಸೇರುತ್ತದೆ ಎಂದು ಹುಳುಮನೆಯನ್ನು ಎರಡು ಅಂಕಣ ದೊಡ್ಡದು ಮಾಡಿಸಿದ್ದಳು. ಅಪ್ಪ ಬಂದ ಮೊದಲ ವಾರ ಎಲ್ಲರ ಮನೆಗೂ ಹೋಗಿ ಬಂದ. ನನ್ನ ನೋಟ್ಸು, ಪುಸ್ತಕ ನೋಡಿದ. ಎರಡನೆಯ ವಾರ ಮಧ್ಯಾಹ್ನ ಕಲ್ಲುಗಣಿಯಲ್ಲಿ ಬಂಡೆ ಸಿಡಿಸಿದರು. ನಮಗೆ ಅದು ದಿನಾ ಕೇಳುವ ಸದ್ದು. ಜಗಲಿಯಲ್ಲಿ ಮಲಗಿದ್ದ ಅಪ್ಪ ಹಾರಿಬಿದ್ದು, ಅಂಗಳದಲ್ಲಿ ರಾಗಿ ಕೇರುತ್ತಿದ್ದ ಅವ್ವನ ಜುಟ್ಟು ಹಿಡಿದು ನೆಲಕ್ಕೆ ಕೆಡವಿದ. "ನೀಚೇ! ನೀಚೇ!" ಕೆಳಗೆ, ಕೆಳಗೆ ಎಂದು ಹಿಂದಿಯಲ್ಲಿ ಕಿರುಚುತ್ತಿದ್ದ. ಅವ್ವ ಏಳಲು ನೋಡಿದಳು. ಏಳಬಾರದು ಎಂದು ಅವಳ ಬೆನ್ನ ಮೇಲೆ ಮಂಡಿ ಊರಿ, ತಲೆಯನ್ನು ನೆಲಕ್ಕೆ ಒತ್ತಿ ಒತ್ತಿ ಹಿಡಿದ. ಬಿಟ್ಟಾಗ ಅವಳ ಮೂಗಿನ ರಕ್ತದಲ್ಲಿ ರಾಗಿ ಕಾಳು ಮೆತ್ತಿಕೊಂಡಿದ್ದವು.

ಆ ದಿನದ್ದು ಅವನು ಅವಳನ್ನು ಕಾಪಾಡಲು ಮಾಡಿದ್ದು ಎಂದು ಈಗ ನನಗೆ ಅರ್ಥವಾಗುತ್ತದೆ. ಆದರೆ ಎಲ್ಲ ಹೊಡೆತವನ್ನೂ ಬಂಡೆ ಸಿಡಿತದ ಮೇಲೆ ಹಾಕಲು ನನಗೆ ಮನಸ್ಸಿಲ್ಲ. ಸಾರಿಗೆ ಉಪ್ಪು ಕಮ್ಮಿಯಾಯಿತೆಂದು ಹೊಡೆದ. ಸೋದರಮಾವ ಬಂದಾಗ ಅವ್ವ ನಕ್ಕಳೆಂದು ಹೊಡೆದ. ಮಿಲಿಟರಿ ಕ್ಯಾಂಟೀನಿನ ರಮ್ಮು ಕುಡಿದೂ ಹೊಡೆದ, ಕುಡಿಯದೆಯೂ ಹೊಡೆದ. ಬೆಲ್ಟಿನ ಬಕಲ್ ತಗುಲಿ ನನ್ನ ಕಿವಿಯ ಮೇಲ್ಭಾಗ ಹರಿಯಿತು. ಶಾಲೆಯಲ್ಲಿ ಹಸು ಹಾಯಿತು ಎಂದು ಹೇಳಿದೆ. ಟೀಚರು ನಂಬಿದರು ಅಥವಾ ನಂಬಿದಂತೆ ಇದ್ದರು.

ಅದು ನಡೆದ ದಿನ, ಹುಳು ಹಣ್ಣಾಗಿ ಗೂಡು ಕಟ್ಟಲು ಇನ್ನೂ ಎರಡು ದಿನವಿತ್ತು. ಆಗ ಅವು ತಿನ್ನುವುದು ಬಹಳ. ಇಡೀ ಹುಳುಮನೆ ಸಣ್ಣ ಮಳೆ ಬಂದ ಹಾಗೆ ಸರಸರ ಎನ್ನುತ್ತಿರುತ್ತದೆ. ಅವ್ವ, ನಾನು ಸೊಪ್ಪು ಹಾಕುತ್ತಿದ್ದೆವು. ಮಧ್ಯಾಹ್ನ ಮೂರು ಗಂಟೆ ಇರಬೇಕು. ಅಪ್ಪ ಬಾಗಿಲಲ್ಲಿ ಬಂದು ನಿಂತ.

"ಆ ಸದ್ದು ನಿಲ್ಸು," ಎಂದ.

"ಯಾವ ಸದ್ದು?" ಎಂದಳು ಅವ್ವ.

"ನಿಲ್ಸು ಅಂದ್ರೆ ನಿಲ್ಸೇ!"

"ಹುಳ ಸೊಪ್ಪು ತಿಂತಾವೆ. ಅದನ್ನೆಂಗೆ ನಿಲ್ಸಾನ?"

ಅಪ್ಪ ಮೂಲೆಯಲ್ಲಿದ್ದ ಗಳ ತೆಗೆದುಕೊಂಡ. ಮೊದಲ ಏಟಿಗೆ ಮೇಲಿನ ಸಾಲಿನ ಹುಳುತಟ್ಟೆಗಳು ಉರುಳಿದವು. ಎರಡನೆಯದಕ್ಕೆ ತಟ್ಟೆ ಜೋಡಿಸಿದ್ದ ಪೂರಾ ಒಂದು ಬಿದಿರು ಅಟ್ಟಣಿಗೆ ಕುಸಿಯಿತು. ಹುಳುಗಳು ನಮ್ಮ ತಲೆಯ ಮೇಲೆ, ಹೆಗಲ ಮೇಲೆ ಉದುರಿದವು. ನೆಲದ ಮೇಲೆ ಬಿದ್ದವನ್ನು ಅವನು ತುಳಿದ. ಕಾಲು ಜಾರಿದರೂ ಬಿಡದೆ ಹಲ್ಲು ಕಚ್ಚಿಕೊಂಡು ತುಳಿದ. ಹಸಿರು ರಸ ಗೋಡೆಗೆ ಚಿಮ್ಮಿತು. ಅವ್ವ ಅಡ್ಡ ಹೋದಳು. ಗಳದ ಏಟು ಅವಳ ದವಡೆಗೆ ಬಿತ್ತು. ಮರ ಸೀಳಿದಂಥ ಸದ್ದು ಬಂತು, ಆದರೆ ಮುರಿದದ್ದು ಗಳವಲ್ಲ. ಅವಳು ಬೀಳಲಿಲ್ಲ. ಅಪ್ಪ ಗಳ ಎಸೆದು, ಎಡಗೈಯಲ್ಲಿ ಅವಳ ಕತ್ತು ಹಿಡಿದು ಗೋಡೆಗೆ ಒತ್ತಿದ. ಬಲಗೈಯಲ್ಲಿ ಪಕ್ಕದ ಬಿದಿರು ಕಂಬವನ್ನು ಬಿಗಿಯಾಗಿ ಹಿಡಿದಿದ್ದ. ಅವ್ವನ ಕಾಲು ನೆಲ ಬಿಟ್ಟಿತ್ತು. ಅವಳ ಕಣ್ಣುಗುಡ್ಡೆ ಮೇಲೆ ಹೋಗುವುದನ್ನು ನಾನು ನೋಡಿದೆ.

ಕಾಯಿ ಕೆತ್ತುವ ಮಚ್ಚು ಬಾಗಿಲ ಸಂದಿಯಲ್ಲಿ ಇತ್ತು. ನಾನು ಅವನ ತೋಳಿಗೆ ಬೀಸಿದ್ದು. ತೋಳಿಗೆ ಸಿಗಲಿಲ್ಲ. ಕಂಬದ ಮೇಲಿದ್ದ ಬೆರಳುಗಳಿಗೆ ಬಿತ್ತು. ಮಚ್ಚು ಬಿದಿರಿಗೆ ಕಚ್ಚಿಕೊಂಡಿತು. ಕಿರುಬೆರಳು, ಉಂಗುರದ ಬೆರಳು ಎರಡೂ ಸೊಪ್ಪಿನ ಮೇಲೆ ಬಿದ್ದವು.

ಅಪ್ಪ ಅವ್ವನನ್ನು ಬಿಟ್ಟ. ಕೈಯನ್ನು ಮುಖದ ಹತ್ತಿರ ತಂದು ನೋಡಿಕೊಂಡ. ನಾನು ಕಂಬದಿಂದ ಮಚ್ಚು ಕಿತ್ತುಕೊಂಡು ಮತ್ತೆ ಎತ್ತಿದ್ದೆ. ಹತ್ತಿರ ಬಂದಿದ್ದರೆ ಕುತ್ತಿಗೆಗೇ ಹೊಡೆಯುತ್ತಿದ್ದೆ. ಆ ಮನಸ್ಸು ನನಗೆ ಇನ್ನೂ ಚೆನ್ನಾಗಿ ನೆನಪಿದೆ, ಅದರಲ್ಲಿ ಹೆದರಿಕೆ ಒಂದಿಷ್ಟೂ ಇರಲಿಲ್ಲ. ಅಪ್ಪ ನೆಲದ ಮೇಲೆ ಕೂತ. ಬಹಳ ದಿನಗಳ ಮೇಲೆ ನೆಟ್ಟಗಿನ ದನಿಯಲ್ಲಿ ಮಾತಾಡಿದ.

"ಮಚ್ಚು ಕೆಳಗಿಡವ್ವ. ನಿನ್ ಕೈಗೆ ತಗುಲ್ಬುಟ್ಟಾತು."

ಅವ್ವ ಕೆಮ್ಮುತ್ತ, ಜೊಲ್ಲು ರಕ್ತ ಸುರಿಸುತ್ತ, ತನ್ನ ಸೆರಗು ಹರಿದು ಅವನ ಕೈ ಕಟ್ಟಿದಳು. ನಾನು ರಸ್ತೆಗೆ ಓಡಿದೆ. ಊರಿನ ಒಬ್ಬನ ಟೆಂಪೋ ಸಿಕ್ಕಿತು. ಅವನು ಮುಂದೆ ಪಂಚಾಯಿತಿ ಅಧ್ಯಕ್ಷನೂ ಆದ. ಚನ್ನಪಟ್ಟಣದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅಪ್ಪ ಅವನಿಗೆ ಕೇಳುವಂತೆ ಹೇಳಿದ: "ಮೇವು ಕತ್ತರಿಸೋ ಮಿಷಿನ್ನಿಗೆ ಕೈ ಸಿಕ್ಕಾಕ್ಕತು. ಬುಡ್ಸಕ್ಕೆ ಬಂದ ಇವಳಿಗೆ ಅದರ ಹಿಡಿ ಬಡೀತು." ಡಾಕ್ಟರಿಗೂ ಹಾಗೇ ಹೇಳಿದ. ಅವ್ವನ ದವಡೆ ಸೊಟ್ಟಗೆ ಕೂಡಿಕೊಂಡಿತು. ಈಗಲೂ ಮುದ್ದೆ ನುಂಗುವಾಗ ತಲೆಯನ್ನು ಒಂದು ಕಡೆ ವಾಲಿಸುತ್ತಾಳೆ.

ಅಂದಿನಿಂದ ಹೊಡೆತ ನಿಂತಿತು ಎಂದು ಬರೆದರೆ ಸುಳ್ಳಾಗುತ್ತದೆ. ಇನ್ನೂ ಮೂರು ವರ್ಷ ನಡೆಯಿತು, ಕಮ್ಮಿಯಾಗಿ, ಎಡಗೈಯಲ್ಲಿ. ಆಮೇಲೆ ವಯಸ್ಸಿಗೋ, ಮಾತ್ರೆಗೋ ತಣ್ಣಗಾದ. ಆಗ ನೋಡಿದವರಿಗೆ ಅದು ಮೇವಿನ ಮಿಷಿನ್ನಿನ ಬೆರಳು. ಆಮೇಲೆ ಬೆಳೆದ ಹುಡುಗರು ತಾವಾಗಿಯೇ ಅದನ್ನು ಯುದ್ಧದ ಬೆರಳು ಮಾಡಿದರು. ಅಪ್ಪ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ನಾನು ಅದೇ ಊರಿಗೆ ಮದುವೆಯಾದೆ. ಗಂಡನಿಗೆ ಬಿಡದಿಯ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಅವರಿಗೂ ನಾನು ನಿಜ ಹೇಳಿರಲಿಲ್ಲ.

ಸಭೆಯಲ್ಲಿ ಅದು ಯುದ್ಧದಲ್ಲಿ ಹೋಗಿದ್ದಲ್ಲ ಎಂದವಳೇ ಪೆನ್ನು ಕೆಳಗಿಟ್ಟೆ. ಆಮೇಲೆ ನನ್ನ ಎದುರು ಕೂತಿದ್ದ ಹಳೆಯ ಅಧ್ಯಕ್ಷ, ಈಗಿನ ಸದಸ್ಯ, ಅಂದು ಟೆಂಪೋ ಓಡಿಸಿದವನೇ, ಜೋರಾಗಿ ನಕ್ಕ. ಅವನಿಗೂ ಬೋರ್‌ವೆಲ್ಲಿನವನಿಗೂ ಚುನಾವಣೆಯಿಂದ ಆಗುತ್ತಿರಲಿಲ್ಲ.

"ನನ್ ಟೆಂಪೋನಾಗೇ ಕಣ್ರಪ್ಪ ಆಸ್ಪತ್ರೆಗೆ ಕರ್ಕಂಡೋಗಿದ್ದು! ಮೇವಿನ ಮಿಷಿನ್ನಿಗೆ ಕೈ ಕೊಟ್ಟೋನ್ಗೆ ಶಾಲು ಹೊದಿಸ್ತಾನಂತೆ ಇವ್ನು. ನಾಳೆ ಹಸಿನ ಕೈಲಿ ಒದೆಸ್ಕಂಡೋನ್ಗೂ ಹೊದಿಸ್ಲಾ."

"ಲೇ, ಯೋಧನ ಬಗ್ಗೆ ನಾಲ್ಗೆ ಬಿಗಿ ಹಿಡ್ದು ಮಾತಾಡು," ಎಂದ ಬೋರ್‌ವೆಲ್ಲಿನವನು.

"ಏನ್ಲಾ ಮಾಡ್ತೀಯ? ಸುಳ್ಳು ಬರ್ಸಿದ್ದು ನೀನು. ಆ ಹೆಸರು ಹೊಡೆದಾಕ್ರಿ ಪಿಡಿಒ ಸಾರ್!"

"ನಾನು ಹೆಸರು ತೆಗೀರಿ ಅಂದಿಲ್ಲ," ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಬೋರ್‌ವೆಲ್ಲಿನವನು ಮೇಜಿನ ಮೇಲಿದ್ದ ಸ್ಟೀಲು ನೀರಿನ ಜಗ್ಗು ಎತ್ತಿ ಬೀಸಿದ. ಅದರ ಅಂಚು ಹಳೆಯ ಅಧ್ಯಕ್ಷನ ಹಣೆಗೆ ಬಡಿದು ಚರ್ಮ ಬಾಯಿಬಿಟ್ಟಿತು. ರಕ್ತ ಹುಬ್ಬಿನಿಂದ ಹಾಜರಿ ಪುಸ್ತಕದ ಮೇಲೆ ತೊಟ್ಟಿಕ್ಕಿತು. ಅವನು ಮೇಜು ಹತ್ತಿ ಇವನ ಮೇಲೆ ಬಿದ್ದ. ಹೊರಗೆ ಕಾಯುತ್ತಿದ್ದ ಎರಡೂ ಕಡೆಯವರು ಒಳಗೆ ನುಗ್ಗಿದರು. ಚಪ್ಪಲಿ, ಕುರ್ಚಿ, ಧ್ವಜದ ಕಂಬದ ಪೈಪು, ಕೈಗೆ ಸಿಕ್ಕಿದ್ದರಲ್ಲಿ ಹೊಡೆದಾಡಿದರು. ಒಬ್ಬನ ತಲೆಯನ್ನು ಬೀರುವಿಗೆ ಕುಟ್ಟುತ್ತಿದ್ದರು, ಬೀರುವಿನ ಬಾಗಿಲು ತಗ್ಗಾಯಿತು. ಅಧ್ಯಕ್ಷರು "ಬುಡ್ರಪ್ಪಾ, ಬುಡ್ರೋ" ಎನ್ನುತ್ತ ಗೋಡೆಗೆ ಅಂಟಿಕೊಂಡಿದ್ದರು. ಎಲ್ಲಿಂದಲೋ ಬಂದ ಕುರ್ಚಿ ನನ್ನ ಬಾಯಿಗೆ ಬಡಿಯಿತು. ಮುಂದಿನ ಹಲ್ಲು ಅರ್ಧ ಮುರಿದು ನಾಲಿಗೆಯ ಮೇಲೆ ಬಂತು.

ಆಮೇಲೆ ನಾನು ಮಾಡಿದ್ದನ್ನೂ ಹೇಳಬೇಕು. ಹಲ್ಲು ಉಗುಳಿ, ಅದೇ ಕುರ್ಚಿ ಎತ್ತಿಕೊಂಡೆ. ಬೋರ್‌ವೆಲ್ಲಿನವನು ನನಗೆ ಬೆನ್ನು ಮಾಡಿ ನೆಲದ ಮೇಲೆ ಬಿದ್ದಿದ್ದ ಯಾರನ್ನೋ ಒದೆಯುತ್ತಿದ್ದ. ನಾನು ಅವನ ಬೆನ್ನಿಗೆ ಹೊಡೆದೆ. ಬಿಡಿಸಬೇಕೆಂದು ಒಂದು ಸಲ. ಆಮೇಲೆ ಮೂರು ಸಲ ಹೊಡೆದದ್ದು ಬಿಡಿಸಲು ಅಲ್ಲ. ಕುರ್ಚಿಯ ಪ್ಲಾಸ್ಟಿಕ್ ಕಾಲು ಮುರಿಯುವ ತನಕ ಹೊಡೆದೆ. ಹೊಡೆಯುವಾಗ ಒಳಗೆಲ್ಲ ಹಗುರವಾಗುತ್ತಿತ್ತು.

ಪೊಲೀಸರು ಬಂದರು. ಹಳೆಯ ಅಧ್ಯಕ್ಷನಿಗೆ ಹೊಲಿಗೆ ಬಿತ್ತು. ಸಂಜೆಯೊಳಗೆ ದೊಡ್ಡವರು ಕೂತು ರಾಜಿ ಮಾಡಿಸಿದರು, ದೂರು ಬರೆಯಲಿಲ್ಲ. ಸಭೆಯನ್ನು ಹತ್ತು ದಿನ ಮುಂದೆ ಹಾಕಿದರು.

ಬಾಯಿಗೆ ಬಟ್ಟೆ ಒತ್ತಿಕೊಂಡು ನಾನು ತೋಟದ ಮನೆಗೆ ಹೋದೆ. ಅಪ್ಪ ಜಗಲಿಯಲ್ಲಿ ಕೂತಿದ್ದ. ಸುದ್ದಿ ಆಗಲೇ ಮುಟ್ಟಿತ್ತು.

"ಯಾರು ಒಡೆದ್ರು?" ಎಂದ.

"ಗೊತ್ತಿಲ್ಲ. ಕುರ್ಚಿ ಬಂದು ಬಡೀತು."

"ನೀನು?"

"ನಾನೂ ಹೊಡೆದೆ. ಬೇಕಾದ್ದಕ್ಕಿಂತ ಜಾಸ್ತಿ ಹೊಡೆದೆ."

ಅಪ್ಪ ಜಗಲಿಯಲ್ಲಿ ಸರಿದು ನನಗೆ ಜಾಗ ಮಾಡಿದ. ಆಮೇಲೆ ಹೇಳತೊಡಗಿದ. ಅವನ ಬಾಯಲ್ಲಿ ಯುದ್ಧದ ಮಾತು ನಾನು ಕೇಳಿದ್ದು ಅದೇ ಮೊದಲು.

"ನನ್ ಮಗ್ಗುಲಾಗೆ ಒಬ್ಬ ತಮಿಳ್ನೋನಿದ್ದ. ಬೂಡ್ಸಿನ ದಾರ ಕಟ್ಟಕ್ಕೆ ಒಸಿ ತಲೆ ಎತ್ದ. ಗುಂಡು ಬಾಯ್ಗೆ ಬಿತ್ತು. ಅವನ ಹಲ್ಲು ಬಂದು ನನ್ ಕೆನ್ನೆಗೆ ಚುಚ್ಕತು. ಕಿತ್ತು ಬಿಸಾಕ್ದೆ. ಮ್ಯಾಲಕ್ಕೆ ಹತ್ತಿದ್ಮೇಲೆ ಬಂಕರ್ ಒಳಗೆ ಆ ಕಡೆಯೋನು ಒಬ್ನಿದ್ದ. ನನ್ ಬಂದೂಕ ಜಾಮಾಗಿತ್ತು. ತಿರುಗ್ಸಿ ಅದರ ಹಿಂಬದಿಯಿಂದ ಒಡೆದೆ. ಒಂದೇ ಏಟ್ಗೆ ಸತ್ತೋಗಿದ್ದ ಕಣವ್ವ, ನಂಗೆ ಗೊತ್ತಾಯ್ತು. ಆದ್ರೂ ನಿಲ್ಲಿಸ್ಲಿಲ್ಲ. ಜೊತೆಯೋರು ಬಂದು ಎಳಿಯೋಗಂಟ ಒಡೀತಾನೇ ಇದ್ದೆ. ಅಷ್ಟೊತ್ಗೆ ಅವನ್ಗೆ ಮಕನೇ ಇರ್ಲಿಲ್ಲ."

ಒಂದು ಸಲ ಉಸಿರು ಎಳೆದುಕೊಂಡ.

"ಇಳಿಯಂಗಿರ್ಲಿಲ್ಲ. ಮೂರು ದಿವ್ಸ ಅವನ ಜೊತೇಲೇ ಆ ಗುಂಡೀಲಿದ್ದೆ. ಮ್ಯಾಲೆ ಟಾರ್ಪಾಲಿನ ಮ್ಯಾಲೆ ಮಂಜು ಸರಸರ ಸರಸರ ಅಂತ ಉದುರೋದು. ನಿಲ್ತಾನೇ ಇರ್ಲಿಲ್ಲ. ಹುಳುಮನೇಲೂ ಅದೇ ಸದ್ದು." ತಲೆಯಲ್ಲಾಡಿಸಿದ. "ಅದಕ್ಕೇ ಒಡೆದೆ ಅಂತ ನಾ ಯೋಳ್ತಿಲ್ಲ. ಒಡೆದಿದ್ದು ನಾನೇಯ."

ಅವ್ವ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. "ಇಪ್ಪತ್ತೈದು ವರ್ಷಾಯ್ತು. ನಂಗೊಂದ್ ಮಾತು ಯೋಳ್ಲಿಲ್ವಲ್ಲಾ," ಎಂದಳು. ಅವಳು ನನ್ನ ಬಾಯಿ ತೆರೆಸಿ ನೋಡಿ, ಉಪ್ಪು ನೀರು ತಂದುಕೊಟ್ಟಳು.

ಹತ್ತು ದಿನದ ಮೇಲೆ ಮತ್ತೆ ಸಭೆ ಸೇರಿತು. ಬಾಗಿಲಲ್ಲಿ ಇಬ್ಬರು ಪೊಲೀಸರಿದ್ದರು. ಹಳೆಯ ಅಧ್ಯಕ್ಷ ಹಣೆಗೆ ಪಟ್ಟಿ ಹಾಕಿಕೊಂಡು ಬಂದಿದ್ದ. ಬೋರ್‌ವೆಲ್ಲಿನವನಿಗೆ ನೆಟ್ಟಗೆ ಕೂರಲು ಆಗುತ್ತಿರಲಿಲ್ಲ. ನನ್ನನ್ನು ನೋಡಿ, "ಏಟು ಚೆನ್ನಾಗೇ ಬಿದ್ದೈತೆ ಕಣಕ್ಕ," ಎಂದ. ಕ್ಷಮಿಸಪ್ಪ ಎಂದೆ. ಅವನು ಹೂಂ ಎಂದ.

ಅಪ್ಪ ಬರುತ್ತಾನೆಂದು ನನಗೆ ಗೊತ್ತಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲಿ ನಿಂತು, "ಎರಡು ಮಾತಾಡಕ್ಕೆ ಪರ್ಮಿಷನ್ ಬೇಕು," ಎಂದು ಅಧ್ಯಕ್ಷರನ್ನು ಕೇಳಿದ. ಹೊರಗಿನವರು ಸಭೆಯಲ್ಲಿ ಮಾತಾಡುವಂತಿಲ್ಲ. ಅಧ್ಯಕ್ಷರು ಪಿಡಿಒ ಮುಖ ನೋಡಿದರು. ಮಾತಾಡಲಿ ಎಂಬಂತೆ ಪಿಡಿಒ ಪೆನ್ನು ಮುಚ್ಚಿಟ್ಟರು.

ಅಪ್ಪ ಬಲಗೈ ಎತ್ತಿ ತೋರಿಸಿದ.

"ಇದು ಯುದ್ಧದಾಗೆ ಹೋಗಿದ್ದಲ್ಲ. ಮಿಷಿನ್ನಿಗೂ ಸಿಕ್ಕಿದ್ದಲ್ಲ. ನನ್ನೆಂಡ್ರನ್ನ ಕತ್ತು ಹಿಸುಕಿ ಸಾಯಿಸ್ತಿದ್ದೆ. ಈ ನನ್ ಮಗಳು ಮಚ್ಚಿನಾಗೆ ಕಡುದ್ಲು. ಕಡೀದೆ ಹೋಗಿದ್ರೆ ನಾನು ಜೈಲ್ನಾಗಿರ್ತಿದ್ದೆ, ಅವ್ಳು ಮಣ್ಣಾಗಿರ್ತಿದ್ಲು. ಸನ್ಮಾನ ಮಾಡೋದು ಬುಡೋದು ನಿಮಗೆ ಸೇರಿದ್ದು. ಮಾಡುದ್ರೆ ಸುಳ್ಳು ಬರೀಬ್ಯಾಡಿ."

ಕೈಮುಗಿದು ಹೊರಟುಹೋದ. ಎಲ್ಲರೂ ನನ್ನ ಕೈಗಳನ್ನೇ ನೋಡುತ್ತಿದ್ದಾರೆ ಅನ್ನಿಸಿ ಮೇಜಿನ ಕೆಳಗೆ ಇಟ್ಟುಕೊಂಡೆ.

ಮೊದಲು ಬಾಯಿ ತೆರೆದವನು ಹಳೆಯ ಅಧ್ಯಕ್ಷ. "ಅವತ್ತು ಟೆಂಪೋನಾಗೆ ಇವರವ್ವ ಒಂದ್ ಮಾತೂ ಆಡ್ಲಿಲ್ಲ," ಎಂದ ನಿಧಾನವಾಗಿ. "ದವಡೆ ಮುರ್ದಿತ್ತು, ಎಂಗಾಡ್ತಾಳೆ. ನಾನು ಕೇಳ್ಬೇಕಿತ್ತು. ಕೇಳ್ಲಿಲ್ಲ." ಆಮೇಲೆ ಪಿಡಿಒ ಕಡೆ ತಿರುಗಿ, "ಹೆಸರು ಇರ್ಲಿ ಸಾರ್. ಯುದ್ಧಕ್ಕೆ ಹೋಗಿದ್ದು ನಿಜ ತಾನೇ," ಎಂದ.

"ಅವರು ಹೇಳಿದ್ದೆಲ್ಲ ನಡಾವಳಿಯಲ್ಲಿ ಬರೀಬೇಕಾ?" ಎಂದು ಪಿಡಿಒ ನನ್ನನ್ನು ಕೇಳಿದರು.

ಬೇಡ ಎಂದೆ. ಅವರು, ವಿಷಯವನ್ನು ಸುದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ಅನುಮೋದಿಸಲಾಯಿತು ಎಂದು ಬರೆದರು. ಅಪ್ಪನ ಹೆಸರಿನ ಮುಂದೆ, ಕಾರ್ಗಿಲ್ ಯುದ್ಧದಲ್ಲಿ ಸೇವೆ ಸಲ್ಲಿಸಿದವರು ಎಂದಷ್ಟೇ ಇಟ್ಟರು. ನಾನು ಅನುಮೋದಕರ ಜಾಗದಲ್ಲಿ ಸಹಿ ಹಾಕಿದೆ.

ಮನೆಗೆ ಹೋಗಿ ಗಂಡನಿಗೆ ಎಲ್ಲ ಹೇಳಿದೆ. ಅವರಿಗೆ ಆಗಲೇ ಯಾರೋ ಫೋನು ಮಾಡಿದ್ದರು. "ಇಷ್ಟು ವರ್ಷ ಒಬ್ಬಳೇ ಇಟ್ಕೊಂಡಿದ್ಯಲ್ಲ," ಎಂದರು. ಆ ವಾರ ಊರಿನ ಹೆಂಗಸರು ಇಬ್ಬರು ಬೇರೆ ಬೇರೆ ದಿನ ನಮ್ಮ ಮನೆಗೆ ಬಂದರು. ಒಬ್ಬಳು ಸೆರಗು ಸರಿಸಿ ಬೆನ್ನು ತೋರಿಸಿದಳು. ಇನ್ನೊಬ್ಬಳು ಏನೂ ತೋರಿಸಲಿಲ್ಲ, ಕಾಫಿ ಕುಡಿದು, ಅತ್ತು, ಎದ್ದು ಹೋದಳು. ಮೊದಲನೆಯವಳನ್ನು ನಾನೇ ಠಾಣೆಗೆ ಕರೆದುಕೊಂಡು ಹೋದೆ. ಅವಳ ಗಂಡ ಮಾರನೆಯ ದಿನ ನಮ್ಮ ಮನೆ ಮುಂದೆ ಬಂದು ಕಿಟಕಿಗೆ ಕಲ್ಲು ಹೊಡೆದ. ಗಾಜಿನ ಚೂರು ಆರಿಸುವಾಗಲೂ ನನಗೆ ಅವಳನ್ನು ಕರೆದುಕೊಂಡು ಹೋಗಿದ್ದಕ್ಕೆ ಬೇಸರವಾಗಲಿಲ್ಲ.

ಧ್ವಜಾರೋಹಣದ ದಿನ ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಐದು ಜನರಲ್ಲಿ ಒಬ್ಬರು ಗಾಲಿಕುರ್ಚಿಯಲ್ಲಿ ಬಂದಿದ್ದರು. ಅಪ್ಪ ಬರುವುದಿಲ್ಲ ಎಂದುಕೊಂಡಿದ್ದೆ. ಬಂದ. ಅವ್ವನೂ ಬಂದಳು, ಹೆಂಗಸರ ಸಾಲಿನಲ್ಲಿ ನನ್ನ ಪಕ್ಕ ಕೂತಳು. ಅಪ್ಪನ ಹೆಸರು ಕರೆದಾಗ ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ತಟ್ಟಲಿಲ್ಲ. ಮೈಕಿನವರಿಗೆ ಏನೂ ಗೊತ್ತಿರಲಿಲ್ಲ. "ಇಂಥ ಯೋಧರ ಹಿಂದೆ ನಿಂತ ಅವರ ಧರ್ಮಪತ್ನಿಯವರೂ ವೇದಿಕೆಗೆ ಬರಬೇಕು," ಎಂದು ಎರಡು ಸಲ ಕರೆದರು.

ಅವ್ವ ಏಳಲಿಲ್ಲ. "ನಾ ಬರಾಕಿಲ್ಲ," ಎಂದು ಕೂತಲ್ಲಿಂದಲೇ ಹೇಳಿದಳು. ದನಿ ಏರಿಸಲಿಲ್ಲ, ಆದರೂ ಮುಂದಿನ ಸಾಲುಗಳಿಗೆಲ್ಲ ಕೇಳಿಸಿತು. ಅಪ್ಪ ಮೇಲಿನಿಂದ ನೋಡಿದ. ಮೈಕಿನವರಿಗೆ ಬೇಡ ಎಂದು ಕೈಯಾಡಿಸಿ, ಒಬ್ಬನೇ ತಲೆ ಬಗ್ಗಿಸಿ ಹಾರ ಹಾಕಿಸಿಕೊಂಡ.

ವಾಪಸು ಬರುವಾಗ ಅವ್ವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡಿದ್ದೆ. ಇನ್ನೂ ಸಿಟ್ಟಿದೆಯಾ ಎಂದು ಕೇಳಿದೆ.

"ಮಂಡಿನೋವು ಕಣವ್ವ. ಆ ಮೆಟ್ಲು ಯಾರತ್ತತಾರೆ," ಎಂದಳು.

ಅಂದು ಬೆಳಿಗ್ಗೆ ಅವಳು ಏಣಿ ಹಾಕಿಕೊಂಡು ಅಟ್ಟದ ಮೇಲಿಂದ ಹುಣಸೆಹಣ್ಣಿನ ಮಡಕೆ ಇಳಿಸಿದ್ದನ್ನು ನಾನೇ ನೋಡಿದ್ದೆ. ಮತ್ತೆ ಕೇಳಲಿಲ್ಲ. ದಾರಿಯಲ್ಲಿ ಅಂಗಡಿ ಮುಂದೆ ಗಾಡಿ ನಿಲ್ಲಿಸಿ, ಅವಳಿಗೆ ಜಗಿಯಲು ಸುಲಭವಾಗಲಿ ಎಂದು ಮೆತ್ತನೆಯ ಬನ್ನು ತಂದುಕೊಟ್ಟೆ. ಅದನ್ನು ಹಿಂದೆ ಕೂತುಕೊಂಡೇ ತಿಂದಳು.